ಹೆಸರು ಹೇಳಬಾರದ ಸೊಪ್ಪು

ನನ್ನ ಅಪ್ಪ ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡು, ಬಿಡುವಿದ್ದಾಗ ಊರಿನ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹೆಣ್ಣುಮಗಳು ಎಂದು ನನ್ನನ್ನು ದೂರ ಕೂರಿಸಲಿಲ್ಲ. ಅದು ಸಾಲದು ಎಂಬಂತೆ, ನಾನು ಕೇಳಿದ್ದಕ್ಕೆಲ್ಲ ಉತ್ತರ ಬೇರೆ ಹೇಳುತ್ತಿದ್ದರು. ಮೇವು ಮುಂದಿಲ್ಲದಿದ್ದರೂ ಎಮ್ಮೆ ಏನನ್ನು ಅಗಿಯುತ್ತದೆ, ಬಾವಿಯ ನೀರು ಚಳಿಗಾಲದಲ್ಲಿ ಯಾಕೆ ಬೆಚ್ಚಗಿರುತ್ತದೆ, ಎಲ್ಲಕ್ಕೂ ಉತ್ತರ. ಅವರಿಗೇ ತಿಳಿಯದಿದ್ದರೆ "ಗೊತ್ತಿಲ್ಲ ಕಣವ್ವ, ನೋಡೋಣ ಬಾ" ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಹೀಗೆ ಬೆಳೆದ ಹುಡುಗಿಯನ್ನು, ಪ್ರಶ್ನೆ ಕೇಳುವುದೇ ಅಪಶಕುನ ಎನ್ನುವ ಮನೆಗೆ ಕೊಟ್ಟರು.

ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಲ್ಲ, ಅದರ ಮಾರನೆಯ ವರ್ಷ ನನ್ನ ಮದುವೆ. ಗಂಡನ ಊರು ಮೊಳಕಾಲ್ಮೂರು ಸೀಮೆಯ ಸಿದ್ದಾಪುರದ ಹತ್ತಿರ, ಬಂಡೆ ಗುಡ್ಡಗಳ ಮಧ್ಯೆ. ಎತ್ತ ನೋಡಿದರೂ ಕಲ್ಲು, ಕಲ್ಲಿನ ಸಂದಿನಲ್ಲಿ ಕುರಿ, ಕುರಿಯ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ಮಾವ ನನ್ನ ಗಂಡ ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. ಸ್ವಲ್ಪ ಹೊಲ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ, ನಾಲ್ಕು ಮೇಕೆ. ಊಟಕ್ಕೆ ಕೊರತೆಯಿರಲಿಲ್ಲ, ಮಾತಿಗೆ ಮಾತ್ರ ಬರಗಾಲ.

ಗಂಡ ಸತ್ತ ಹೆಂಗಸು ಎದುರಿಗೆ ಬಂದರೆ ಗಾಡಿ ಹೂಡಿದವನು ಎತ್ತಿನ ಕೊರಳ ಹಗ್ಗ ಬಿಚ್ಚಿ, ಒಂದು ಗಳಿಗೆ ಕೂತೆದ್ದು ಹೊರಡುತ್ತಿದ್ದ ಕಾಲ ಅದು. ಅತ್ತೆಗೆ ಅದು ಗೊತ್ತಿತ್ತು. ಯಾರದಾದರೂ ಮನೆಯಲ್ಲಿ ಮದುವೆ ಎಂದರೆ ಹಿಂದಿನ ದಿನವೇ ಹೋಗಿ ಬೇಳೆ ಆರಿಸಿಕೊಟ್ಟು ಬರುತ್ತಿದ್ದರೇ ಹೊರತು ಚಪ್ಪರದ ಕೆಳಗೆ ಕಾಲಿಡುತ್ತಿರಲಿಲ್ಲ. ಬೆಳಗ್ಗೆ ನೀರಿಗೆ ಹೋಗುವಾಗಲೂ ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡೇ ಹೊಸಲು ದಾಟುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದು ತಿಳಿಯುತ್ತಿರಲಿಲ್ಲ.

ಭಾನುವಾರ ಮಾತ್ರ ಲೋಕವೇ ತಿರುಗುಮುರುಗಾಗುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ನಮ್ಮ ಜಗುಲಿಯ ಮುಂದೆ ಜನ ಬಂದು ಕೂತಿರುತ್ತಿದ್ದರು. ದೇವಸಮುದ್ರದಿಂದ, ಮೊಳಕಾಲ್ಮೂರಿನಿಂದ, ರಾಯದುರ್ಗದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಎಲ್ಲರ ಕಣ್ಣೂ ಹಳದಿ. ಅರಿಶಿನ ಕಾಮಾಲೆ. ಬರಿಹೊಟ್ಟೆಯಲ್ಲಿ, ಬಾಯಿಗೆ ಒಂದು ಹನಿ ನೀರೂ ಹಾಕದೆ ಬಂದು, ಅತ್ತೆ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದರು. ಯಾರ ಮುಖವನ್ನು ಬೆಳಗ್ಗೆ ನೋಡಬಾರದು ಎನ್ನುತ್ತಿದ್ದರೋ ಅವರ ಮುಖವನ್ನೇ ನೋಡಲು ಇಷ್ಟು ದೂರ ಬಂದಿರುತ್ತಿದ್ದರು. ಅತ್ತೆ ಹೊರಗೆ ಬಂದು, ಒಬ್ಬೊಬ್ಬರಿಗೂ ಮೇಕೆ ಹಾಲಿನಲ್ಲಿ ಕದಡಿದ ಹಸಿರು ಔಷಧಿಯನ್ನು ಬಟ್ಟಲಲ್ಲಿ ಕೊಡುತ್ತಿದ್ದರು. ಆ ಹೊತ್ತಿಗೆ ಅವರ ಬೆನ್ನು ನೆಟ್ಟಗಾಗುತ್ತಿತ್ತು, ಗಂಟಲು ತೆರೆಯುತ್ತಿತ್ತು. "ಉಪ್ಪು ಮುಟ್ಟಂಗಿಲ್ಲ, ಎಣ್ಣೆ ಮುಟ್ಟಂಗಿಲ್ಲ, ಹುಳಿ ಮುಟ್ಟಂಗಿಲ್ಲ. ಮೂರು ಭಾನುವಾರ ಬರ್ಬೇಕು. ತಿಳೀತಾ?" ಎಂದು ಅವರು ಗದರಿದರೆ ಊರ ಗೌಡನಂಥವನೂ "ಆಗ್ಲಿ ತಾಯಿ" ಎಂದು ತಲೆ ತಗ್ಗಿಸುತ್ತಿದ್ದ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಗುಣವಾದವರು ಒಂದು ದಿನ ಬಂದು, ಉಪ್ಪು ಹಾಕಿದ ಮೊದಲ ಊಟವನ್ನು ನಮ್ಮ ಮನೆಯಲ್ಲೇ ಉಣ್ಣಬೇಕು, ಅಷ್ಟೇ. ಎಷ್ಟೋ ದಿನ ಸಪ್ಪೆ ತಿಂದ ನಾಲಿಗೆಗೆ ಉಪ್ಪು ತಗುಲಿದಾಗ ಅವರ ಮುಖ ನೋಡಬೇಕು! ಬರೀ ಉಪ್ಪುಸಾರಿಗೆ ಕಣ್ಣಲ್ಲಿ ನೀರು ಹಾಕಿಕೊಂಡವರನ್ನು ನಾನು ಕಂಡಿದ್ದೇನೆ.

ಯಕೃತ್ತು, ನಮ್ಮ ಮಾತಿನ ಈಲಿ, ಕೆಟ್ಟರೆ ಕಾಮಾಲೆ ಬರುತ್ತದೆ ಎಂದು ಈಗ ಓದಿದವರು ಹೇಳುತ್ತಾರೆ. ನಮಗೆ ಆಗ ಆ ಮಾತು ಗೊತ್ತಿರಲಿಲ್ಲ. ಈಲಿ ಎಂದರೆ ಕುರಿ ಕೊಯ್ದವರ ಮನೆಯಲ್ಲಿ ಪಾಲಿಗೆ ಬರುವ ಮೆತ್ತನೆಯ ಮಾಂಸ, ಅದು ನಮ್ಮ ಹೊಟ್ಟೆಯಲ್ಲೂ ಇದೆ ಎಂದು ಯಾರು ಯೋಚಿಸಿದ್ದರು? ಪಿತ್ತ ಏರಿತು, ಕಣ್ಣು ಹಳದಿಯಾಯಿತು, ಸೊಪ್ಪು ಕುಡಿದರೆ ಇಳಿಯುತ್ತದೆ. ಇಳಿಯದೆ ಹೋದವರೂ ಇದ್ದರು. ಅವರ ಸುದ್ದಿಯನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ.

ಸರಿ, ಆ ಸೊಪ್ಪು ಯಾವುದು? ಬಂದ ಮೊದಲ ಭಾನುವಾರವೇ ನನ್ನ ತಲೆಗೆ ಈ ಹುಳ ಹೊಕ್ಕಿತು. ಗಂಡನನ್ನು ಕೇಳಿದೆ.

"ನಂಗೇನು ಗೊತ್ತು? ಗಂಡಸ್ರಿಗೆ ಹೇಳಂಗಿಲ್ಲ. ಅತ್ತೆಯಿಂದ ಸೊಸೆಗೆ, ಅಷ್ಟೇ."

"ನಾನು ಸೊಸೇನೇ ಅಲ್ವಾ? ನಂಗೆ ಯಾವಾಗ ಹೇಳ್ತಾರೆ?"

"ಸಾಯೋ ಮುಂದೆ" ಎಂದ ಆತ, ನಾಳೆ ಮಳೆ ಬರುತ್ತದೆ ಎಂದಷ್ಟು ಸಲೀಸಾಗಿ.

ಕಾರಣ ನಿಧಾನವಾಗಿ ತಿಳಿಯಿತು. ಹೆಸರು ಹೇಳಿದ ಕೂಡಲೇ ಹೇಳಿದವರ ಕೈಗುಣ ಹೋಗುತ್ತದೆ, ಕೇಳಿದವರ ಕೈಗೆ ಬರುತ್ತದೆ. ಒಂದು ಮನೆಗೆ ಒಂದೇ ಕೈ. ಅದಕ್ಕೇ ಯಾವ ಅತ್ತೆಯೂ ಉಸಿರು ಗಟ್ಟಿಯಿರುವಾಗ ಹೇಳುವುದಿಲ್ಲ. ನಮ್ಮ ಅತ್ತೆಗೂ ಅವರ ಅತ್ತೆ ಹೇಳಿದ್ದು ಬಾಯಿಗೆ ನೀರು ಬಿಡುವ ಹೊತ್ತಿನಲ್ಲೇ. ಇನ್ನೊಂದು ಕಟ್ಟುಪಾಡು ಕೂಡ ಇತ್ತು: ಕೊಡುವವರು ತಮ್ಮ ಕೈಯಿಂದ ತಾವೇ ತೆಗೆದುಕೊಳ್ಳುವಂತಿಲ್ಲ. ಯಾಕೆ ಎಂದರೆ, "ಹಂಗೇ ಇರೋದು."

ಬ್ರಹ್ಮಗಿರಿಯ ಹತ್ತಿರ ನಮ್ಮ ಕಡೆ ಯಾರಿಗೂ ಓದಲು ಬಾರದ ಅಕ್ಷರಗಳನ್ನು ಕೆತ್ತಿದ ಒಂದು ದೊಡ್ಡ ಬಂಡೆ ಇದೆ. ಅದರ ಮೇಲೆ ನೀರು ಸುರಿದು, ಇಳಿದ ನೀರನ್ನು ಈಯಲಾರದ ಹಸುವಿಗೆ ಕುಡಿಸುವವರು ಆಗ ಇದ್ದರು. ನಾನು ಒಮ್ಮೆ ಅದರ ಮುಂದೆ ನಿಂತು, ಅಪ್ಪ ಕಲಿಸಿದ್ದರಲ್ಲಿ ಒಂದಕ್ಷರವಾದರೂ ಸಿಕ್ಕೀತೇ ಎಂದು ಕಣ್ಣು ನೋಯುವ ತನಕ ಹುಡುಕಿದ್ದೆ. ಒಂದೂ ಸಿಗಲಿಲ್ಲ. ಅಲ್ಲಿ ಬರೆದಿರುವುದು ಬರೀ ಯಾವುದೋ ಕಂದಾಯದ ಲೆಕ್ಕ ಎಂದು ಗೊತ್ತಾದರೆ ಆ ನೀರನ್ನು ಯಾರಾದರೂ ಕುಡಿಸಿಯಾರೇ ಎಂದು ಆಗ ಅನ್ನಿಸಿತ್ತು. ಸೊಪ್ಪಿನದೂ ಅದೇ ಕಥೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಿಡದ ಹೆಸರು ತಿಳಿದರೆ "ಇಷ್ಟೇನಾ?" ಎಂದು ಅರ್ಧಕ್ಕೇ ಬಿಡುತ್ತಾರೆ, ಉಪ್ಪೂ ತಿನ್ನುತ್ತಾರೆ. ಇಷ್ಟು ಬುದ್ಧಿ ನನಗೂ ಇತ್ತು. ಆದರೆ ಬುದ್ಧಿ ಇದ್ದ ಮಾತ್ರಕ್ಕೆ ಚಾಳಿ ಬಿಡುತ್ತದೆಯೇ?

ಪತ್ತೆಗೆ ಇಳಿದೆ. ಶನಿವಾರ ಸಂಜೆ ಅತ್ತೆ ಸೆರಗಿನ ತುದಿಯಲ್ಲಿ ಒಂದಿಷ್ಟು ಅಕ್ಕಿಕಾಳು ಕಟ್ಟಿಕೊಂಡು ಹೊಲದ ಕಡೆ ಹೋಗುತ್ತಿದ್ದರು. ಗಿಡವನ್ನು ಹಾಗೇ ಹೋಗಿ ಕೀಳುವಂತಿಲ್ಲ. ಹಿಂದಿನ ದಿನವೇ ಅದರ ಬುಡಕ್ಕೆ ಅಕ್ಕಿಕಾಳು ಹಾಕಿ, "ನಾಳೆ ಬರ್ತೀನಿ, ಬಾರವ್ವ" ಎಂದು ಕರೆದು ಬರಬೇಕು. ಭಾನುವಾರ ನಸುಕಿನಲ್ಲಿ ಮಾತಾಡದೆ ಹೋಗಿ, ತನ್ನ ನೆರಳು ಗಿಡದ ಮೇಲೆ ಬೀಳದಂತೆ ನಿಂತು ಕಿತ್ತು ತರಬೇಕು. ಬಂದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಅರೆದ ಕಲ್ಲನ್ನು ತಾವೇ ತೊಳೆದು, ತೊಳೆದ ನೀರನ್ನು ತಾವೇ ತಿಪ್ಪೆಗೆ ಸುರಿಯುತ್ತಿದ್ದರು. ಸೊಸೆ ಎಂಬ ಪ್ರಾಣಿ ಮನೆಯಲ್ಲಿ ಇದೆ ಎಂಬುದೇ ಭಾನುವಾರ ಬೆಳಗ್ಗೆ ಅವರಿಗೆ ಮರೆತಿರುತ್ತಿತ್ತು.

ಅವರ ಹಿಂದೆ ಬಚ್ಚಿಟ್ಟುಕೊಂಡು ಹೋಗುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಶನಿವಾರ ಅವರು ಬಂದ ಮೇಲೆ ಮೇಕೆಗೆ ಮೇವು ತರುವ ನೆಪದಲ್ಲಿ ಅದೇ ದಾರಿ ಹಿಡಿದೆ. ಅಕ್ಕಿಕಾಳು ಬೆಳ್ಳಗೆ ಕಾಣುತ್ತದಲ್ಲ. ಬದುವಿನ ಪಕ್ಕ, ನವಣೆ ಪೈರಿನ ಸಾಲಿನಲ್ಲಿ ಒಂದು ಗಿಡದ ಬುಡದಲ್ಲಿ ನಾಲ್ಕಾರು ಕಾಳು ಸಿಕ್ಕವು. ಗೇಣುದ್ದದ ಗಿಡ, ಹುಣಸೆ ಎಲೆಯ ಹಾಗೆ ಸಣ್ಣ ಎಲೆ, ಎಲೆಯ ಕೆಳಗೆ ಸಾಲಾಗಿ ಸಾಸಿವೆಯಷ್ಟು ಕಾಯಿ. ನೆಲನೆಲ್ಲಿ! ಮಳೆ ಬಿದ್ದರೆ ಸಾಕು ಎಲ್ಲೆಂದರಲ್ಲಿ ಹುಟ್ಟುವ ಕಳೆ. ನಾನೇ ಎಷ್ಟು ಸಲ ಕುಂಟೆಯ ಹಿಂದೆ ನಡೆದು ಕಿತ್ತು ಎಸೆದಿದ್ದೇನೋ. ಸಂತೋಷಕ್ಕೆ ಅಲ್ಲೇ ಕೂತು ಒಂದು ಎಲೆ ಅಗಿದೆ. ಕಹಿ. ಔಷಧಿ ಕುಡಿದವರೆಲ್ಲ ಮುಖ ಹಿಂಡುತ್ತಿದ್ದುದಕ್ಕೆ ಸರಿಹೋಯಿತು.

ಆದರೆ ಮುಂದಿನ ವಾರ ನೋಡಿದರೆ ಅಕ್ಕಿಕಾಳು ಬೇರೆ ಕಡೆ! ಕಪಿಲೆಯ ನೀರು ಹರಿಯುವ ಕಾಲುವೆಯ ಅಂಚಿನಲ್ಲಿ, ಬಿಳಿಯ ಪುಟ್ಟ ಗುಂಡಿಯಂಥ ಹೂ ಬಿಡುವ ಗರುಗದ ಸೊಪ್ಪಿನ ಬುಡದಲ್ಲಿ ಬಿದ್ದಿದ್ದವು. ಗರುಗ ಯಾರಿಗೆ ಗೊತ್ತಿಲ್ಲ? ತಲೆಕೂದಲು ಕಪ್ಪಗಾಗಲೆಂದು ಎಣ್ಣೆಗೆ ಹಾಕಿ ಕಾಯಿಸುತ್ತಿದ್ದೆವು. ಅದರ ರಸ ತಗುಲಿದರೆ ಬೆರಳು ಕಪ್ಪಾಗುತ್ತದೆ. ಆಮೇಲೆ ನೆನಪಾಯಿತು, ಭಾನುವಾರ ಅತ್ತೆಯ ಬಲಗೈ ಬೆರಳುಗಳ ತುದಿ ಕಪ್ಪಗಿರುತ್ತಿತ್ತು. ಅವರು ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಹಾಗಾದರೆ ಯಾವುದು? ಒಂದು ನಿಜ, ಇನ್ನೊಂದು ನನ್ನಂಥ ಕಳ್ಳಿಯರ ದಾರಿ ತಪ್ಪಿಸುವುದಕ್ಕೆ ಎಂದು ನಾನು ತೀರ್ಮಾನಿಸಿದೆ. ಅತ್ತೆ ಅಷ್ಟು ಜಾಣೆ. ಯಾವುದು ನಿಜ ಎಂಬುದು ಮಾತ್ರ ಬಗೆಹರಿಯಲಿಲ್ಲ. ಒಮ್ಮೆ ನೋಡಿದರೆ ಸೆರಗಿನ ಅಂಚಿನಲ್ಲಿ ನೆಲನೆಲ್ಲಿಯ ಕಾಯಿ ಅಂಟಿರುತ್ತಿತ್ತು, ಇನ್ನೊಮ್ಮೆ ನೋಡಿದರೆ ಬೆರಳು ಕಪ್ಪು. ಬಂದವರನ್ನೂ ಬಿಡದೆ ಕೇಳಿದೆ. ಒಬ್ಬರು ಕಹಿ ಎಂದರು, ಒಬ್ಬರು ಒಗರು ಎಂದರು, ಒಬ್ಬ ಮುದುಕ "ಅವ್ವ ಕೊಟ್ಟಿದ್ದು, ಅಮೃತ" ಎಂದು ನನ್ನ ಬಾಯಿ ಮುಚ್ಚಿಸಿದ.

ನನ್ನ ಮೂಗು ತೂರಿಸುವ ಚಾಳಿ ಸೊಪ್ಪಿಗೇ ನಿಲ್ಲಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಇದೆಯಲ್ಲ, ಅದು ನಿಜವೇ ಎಂದು ನೋಡಬೇಕಿತ್ತು. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ನೇಯುವ ಒಬ್ಬರು ಬಂದಿದ್ದರು. ತೆಲುಗು ಮಾತಿನವರು, ಕಣ್ಣು ಅರಿಶಿನದ ಕೊಂಬಿನ ಹಾಗಿತ್ತು. ಬಣ್ಣದಲ್ಲೇ ಬದುಕುವ ಮನುಷ್ಯ, ಇವರಿಗಿಂತ ಸಾಕ್ಷಿ ಬೇಕೇ? ಅತ್ತೆ ಒಳಗೆ ಹೋದದ್ದನ್ನು ನೋಡಿ, "ಅಣ್ಣಾರೆ, ನನ್ನ ಸೀರೆ ಯಾವ ಬಣ್ಣ ಕಾಣ್ತೈತ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಮಮ್ಮಾ, ಕಣ್ಣು ಹಳದಿ ಆದ್ರೆ ಬಣ್ಣ ಮರ್ತೋಗ್ತದಾ? ನೇರಳೆ ಬಣ್ಣ, ಕೆಂಪಂಚು. ಅಂಚಿಗೆ ಹಾಕಿರೋ ಬಣ್ಣ ಖೋಟಾ, ಇನ್ನೆರಡು ಸಲ ಒಗೆದ್ರೆ ಮೈಗೆಲ್ಲ ಇಳೀತದೆ ನೋಡು" ಎಂದರು. ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಅವರು ಹೇಳಿದ ಹಾಗೇ ಎರಡು ಸಲ ಒಗೆಯುವಷ್ಟರಲ್ಲಿ ಅಂಚು ಸೀರೆಗೆಲ್ಲ ಇಳಿದಿತ್ತು. ಗಾದೆ ಸುಳ್ಳಾಯಿತು, ಸೀರೆಯೂ ಹೋಯಿತು.

ಹೀಗೆ ಕೆಲವು ವರ್ಷ ಕಳೆದವು. ಒಂದು ಮಳೆಗಾಲದ ಕೊನೆಯಲ್ಲಿ ನಾನು ಕಪಿಲೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅತ್ತೆಯ ಬಿಳಿ ಸೀರೆಯನ್ನು ಕಲ್ಲಿನ ಮೇಲೆ ಹರವಿದಾಗ ಕಂಕುಳ ಭಾಗದಲ್ಲಿ, ಕತ್ತಿನ ಹತ್ತಿರ ಹಳದಿ ಕಲೆ ಕಂಡಿತು. ಮೊದಲು ಏನೂ ಅನ್ನಿಸಲಿಲ್ಲ, ಅರಿಶಿನ ಎಂದುಕೊಂಡು ಉಜ್ಜಿದೆ. ಆಮೇಲೆ ಕೈ ನಿಂತಿತು. ಮಾವ ಹೋದ ಮೇಲೆ ಅತ್ತೆ ಮೈಗೆ ಅರಿಶಿನ ಮುಟ್ಟಿಸಿದವರಲ್ಲ.

ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಕೆಲವು ದಿನಗಳಿಂದ ಮುಖ ಎತ್ತಿ ಮಾತಾಡುತ್ತಿರಲಿಲ್ಲ, ತಮ್ಮ ಮುದ್ದೆಗೆ ಉಪ್ಪು ಬೇಡ ಎನ್ನುತ್ತಿದ್ದರು, ಅದನ್ನೂ ಅರ್ಧಕ್ಕೆ ಬಿಡುತ್ತಿದ್ದರು. ಏನೋ ವ್ರತ ಇರಬೇಕು ಎಂದುಕೊಂಡಿದ್ದೆ. ಎಲ್ಲದರಲ್ಲೂ ಮೂಗು ತೂರಿಸುವ ನನಗೆ ಎದುರಿಗಿದ್ದವರ ಕಣ್ಣು ಕಂಡಿರಲಿಲ್ಲ. ಗಲ್ಲ ಹಿಡಿದು ಮುಖ ಎತ್ತಿದೆ. ಸೊಸೆ ಅತ್ತೆಯ ಗಲ್ಲ ಹಿಡಿಯುವುದೆಂದರೆ ಸಣ್ಣ ಮಾತಲ್ಲ, ಆದರೂ ಅವರು ಕೈ ತಳ್ಳಲಿಲ್ಲ. ಕಣ್ಣು ಪೂರ್ತಿ ಹಳದಿಯಾಗಿತ್ತು.

ಸಂಜೆ ನನ್ನ ಗಂಡ ಹೊಲದಿಂದ ಬಂದ ಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು. "ದೇವಸಮುದ್ರದ ಕಡೆ ಒಬ್ಬ ಕಾಮಾಲೆಗೆ ಕೊಡ್ತಾನಂತೆ. ನಾಳೆನೇ ಗಾಡಿ ಕಟ್ತೀನಿ, ಹೊರಡವ್ವ" ಎಂದ.

"ನಾನು ಬರಲ್ಲ."

"ಹಂಗಾದ್ರೆ ಮೊಳಕಾಲ್ಮೂರಿಗೆ ಹೋಗೋಣ, ಡಾಕ್ಟ್ರು ನೋಡ್ತಾರೆ."

"ಕಾಮಾಲೆಗೆ ಕೊಡೋಳೇ ಕಾಮಾಲೆಗೆ ಇನ್ನೊಬ್ಬರ ಬಾಗ್ಲಿಗೆ ಹೋದ್ರೆ ನನ್ನ ಬಾಗ್ಲಿಗೆ ಯಾವನು ಬರ್ತಾನೋ? ನಂಗೆ ಇರೋದು ಅದೊಂದೇ ಅಲ್ವೇನೋ" ಎಂದು ಅತ್ತೆ ಗೋಡೆಯ ಕಡೆ ತಿರುಗಿದರು.

ಮಗನಿಗೂ ಅದು ಗೊತ್ತಿತ್ತು. ವಾರದಲ್ಲಿ ಒಂದು ಬೆಳಗ್ಗೆ ಬಿಟ್ಟರೆ ಆಕೆಗೆ ಇನ್ನೇನಿತ್ತು?

ಆತ ಎತ್ತು ಕಟ್ಟಲು ಹೋದಾಗ ನಾನು ಹತ್ತಿರ ಕೂತು, "ನನಗೆ ಹೇಳಿ ಅತ್ತೆ. ನಾನು ಕೊಡ್ತೀನಿ" ಎಂದೆ.

"ಹೇಳಿದ್ರೆ ನನ್ನ ಕೈ ಹೋಯ್ತು."

"ಹೇಳ್ದಿದ್ರೆ ನೀವೇ ಹೋಗ್ತೀರಲ್ರಿ!"

"ಹೋದ್ರೆ ಕೈ ಇಟ್ಕೊಂಡೇ ಹೋಗ್ತೀನಿ" ಎಂದರು. ಎಂಥ ಹಟ! ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ನಾನು ಬಂದ ದಿನದಿಂದ ಒಂದು ಒಳ್ಳೆಯ ಮಾತು ಆಡದ ಹೆಂಗಸು, ಇವರು ಹೋದರೆ ನನಗೇನು ಎಂದು ಮನಸ್ಸಿನಲ್ಲೇ ಅಂದುಕೊಂಡು ನೋಡಿದೆ. ಆಗಲಿಲ್ಲ. ನನಗೆ ಅವರು ಬೇಕಾಗಿದ್ದರು.

ಅವತ್ತಿನಿಂದ ಯೋಚನೆ ಒಂದೇ. ಗಿಡ ಎರಡರಲ್ಲಿ ಒಂದು ಎಂದು ನನಗೆ ಗೊತ್ತು. ಎರಡೂ ವಿಷವಲ್ಲ. ಗರುಗವನ್ನು ಸಾರಿಗೆ ಹಾಕಿ ಉಂಡದ್ದುಂಟು, ನೆಲನೆಲ್ಲಿಯನ್ನು ನಾನೇ ಅಗಿದು ನೋಡಿದ್ದೇನೆ. ಶನಿವಾರ ಸಂಜೆ ಸೆರಗಿಗೆ ಅಕ್ಕಿಕಾಳು ಕಟ್ಟಿಕೊಂಡು ಹೊರಟೆ. ಎರಡು ಕಡೆಯೂ ಗಿಡದ ಮುಂದೆ ನಿಂತು "ನಾಳೆ ಬರ್ತೀನಿ, ಬಾರವ್ವ" ಎಂದೆ. ಕಳೆಗಿಡದ ಜೊತೆ ಮಾತಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಕಾಳನ್ನು ಬುಡಕ್ಕೆ ಮೆಲ್ಲಗೆ ಹಾಕಿದೆ. ಭಾನುವಾರ ನಸುಕಿಗೆ ಎದ್ದು ಕಿತ್ತು ತಂದು, ಒಂದನ್ನು ಅರೆದು, ಕಲ್ಲು ತೊಳೆದು, ಇನ್ನೊಂದನ್ನು ಅರೆದೆ. ಬೇರೆ ಬೇರೆ ಬಟ್ಟಲಿನಲ್ಲಿ ಮೇಕೆ ಹಾಲು ಬೆರೆಸಿದೆ. ಎರಡನ್ನೂ ಅತ್ತೆಯ ಹಾಸಿಗೆಯ ಪಕ್ಕ ಇಟ್ಟೆ.

ಅತ್ತೆ ಎದ್ದು ಕೂತರು. ಒಂದು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು, ಇಟ್ಟರು. ಇನ್ನೊಂದನ್ನು ಹಿಡಿದರು.

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ರೀ. ಅಕ್ಕಿಕಾಳು ನೋಡ್ದೆ. ನಿಮ್ಮ ಬೆರಳು ನೋಡ್ದೆ."

"ಕಳ್ಳಿ!"

"ಹೂಂ ಕಳ್ಳಿನೇ. ಆದ್ರೆ ನೀವು ಹೇಳಿಲ್ವಲ್ಲ? ಹೇಳಿದ್ರೆ ತಾನೇ ಕೈ ಹೋಗೋದು? ನೀವು ಬಾಯೇ ಬಿಟ್ಟಿಲ್ಲ. ನಿಮ್ಮ ಕೈ ನಿಮ್ಮತ್ರಾನೇ ಐತೆ."

ಅವರು ನನ್ನ ಮುಖವನ್ನೇ ನೋಡಿದರು. ಅಪ್ಪ ಕಲಿಸಿದ ತರ್ಕ ಜೀವನದಲ್ಲಿ ಒಂದು ಸಲ ಉಪಯೋಗಕ್ಕೆ ಬಂದಿತ್ತು.

"ಯಾವ್ದು ಸರಿ ಅಂತ ಇನ್ನೂ ಗೊತ್ತಾಗಿಲ್ಲ ಅತ್ತೆ. ಹೇಳ್ಬ್ಯಾಡ್ರಿ. ನಾನು ನೋಡೋದೂ ಇಲ್ಲ. ನಿಮಗೆ ಬೇಕಾದ್ದನ್ನ ಕುಡೀರಿ" ಎಂದು ಹೇಳಿ, ಎದ್ದು ಹೊರಗೆ ಬಂದು, ಬಾಗಿಲನ್ನು ನಾನೇ ಎಳೆದುಕೊಂಡೆ.

ಓದುವವರಿಗೆ ಇದು ಏನೂ ಅನ್ನಿಸದಿರಬಹುದು. ಇಷ್ಟು ವರ್ಷ ನಾನು ಕಾದದ್ದು ಇದೊಂದನ್ನು ನೋಡುವುದಕ್ಕೆ. ಬಾಗಿಲಿಗೆ ಬೆರಳು ತೂರುವಷ್ಟು ಸಂದೂ ಇತ್ತು. ಸಂದಿಗೆ ಬೆನ್ನು ಹಾಕಿ, ಮೇಕೆಗಳನ್ನು ನೋಡುತ್ತಾ ನಿಂತುಕೊಂಡೆ. ನನ್ನ ಕಾಲು ಎಷ್ಟು ತವಕಿಸಿತು ಎಂಬುದು ನನಗೇ ಗೊತ್ತು.

ಒಳಗಿನಿಂದ ಬಟ್ಟಲು ನೆಲಕ್ಕಿಟ್ಟ ಸದ್ದಾಯಿತು. ಹೋಗಿ ನೋಡಿದರೆ ಎರಡೂ ಬರಿದು! ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮಲಗಿದ್ದರು. ಎರಡೂ ಸರಿ ಎಂದು ಕುಡಿದರೋ, ಒಂದನ್ನು ಮಾತ್ರ ಕುಡಿದರೆ ನನಗೆ ತಿಳಿದೀತೆಂದು ಕುಡಿದರೋ? ನಾನು ಖಾಲಿ ಬಟ್ಟಲುಗಳನ್ನು ಹಿಡಿದು ಪೆದ್ದಿಯ ಹಾಗೆ ನಿಂತೆ. ಆ ಸಂಕಟದ ಮಧ್ಯೆಯೂ ನಗು ಬಂತು.

ಬಂದ ರೋಗಿಗಳನ್ನು ಅತ್ತೆಗೆ ಜ್ವರ ಎಂದು ಹೇಳಿ ವಾಪಸು ಕಳಿಸಿದೆ. ಮುಂದಿನ ಭಾನುವಾರವೂ ಹಾಗೇ. ಎರಡು ಬಟ್ಟಲು ಇಟ್ಟೆ, ಬೆನ್ನು ಹಾಕಿ ನಿಂತೆ, ಎರಡೂ ಬರಿದಾದವು. ಅಷ್ಟರಲ್ಲಿ ಅವರಿಗೆ ಹಸಿವು ಶುರುವಾಯಿತು. ಸಪ್ಪೆ ನವಣೆ ಅನ್ನಕ್ಕೆ ನೀರುಮಜ್ಜಿಗೆ ಹಾಕಿಕೊಟ್ಟರೆ ಪೂರ್ತಿ ಉಂಡರು. ಸೊಪ್ಪಿನ ಗುಣವೋ, ಪಥ್ಯದ ಗುಣವೋ, ಅವರ ಹಟದ ಗುಣವೋ, ನನಗೆ ಇಂದಿಗೂ ತಿಳಿಯದು. ಮೈಯ ಅರಿಶಿನ ಇಳಿಯತೊಡಗಿತು, ಕಣ್ಣಿನದು ಮಾತ್ರ ಉಳಿದಿತ್ತು.

ಮೂರನೆಯ ಭಾನುವಾರ ಮೊಳಕಾಲ್ಮೂರಿನಿಂದ ಒಂದು ಗಾಡಿ ಬಂತು. ಗಾಡಿಯಲ್ಲಿ ಹುಲ್ಲಿನ ಮೇಲೆ ಒಬ್ಬ ಗಂಡಸು ಮಲಗಿದ್ದ, ಕಣ್ಣು ತೆರೆಯುವುದಕ್ಕೂ ಆಗದಷ್ಟು ಸುಸ್ತು. ಜೊತೆಗೆ ಅವನ ಹೆಂಡತಿ, ನೇಕಾರರ ಮನೆಯ ಹೆಂಗಸು. ಅವಳ ಹಿಂದೆ ಊರಿನ ನಾಲ್ಕಾರು ಜನವೂ ಸೇರಿದ್ದರು. ಅತ್ತೆಗೆ ಹುಷಾರಿಲ್ಲ ಎಂದೆ. ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀನು ಕೋಡಲು ಕದಮ್ಮಾ, ಸೊಸೆ! ಇಷ್ಟು ವರ್ಷ ಈ ಮನೇಲಿದ್ದೀಯ, ನಿಂಗೆ ಗೊತ್ತಿರಲ್ವಾ? ನೀನೇ ಕೊಡು ತಾಯಿ!"

ಊರಿನವರೂ ದನಿಗೂಡಿಸಿದರು. "ಹೌದಲ್ಲ, ಸೊಸೆ ಕೈಲೇ ಕೊಡ್ಸಿ. ಮುದುಕೀಗೆ ಇನ್ನೆಷ್ಟು ದಿನ?"

ಬಾಗಿಲ ಹಿಂದೆ ಅತ್ತೆ ಇದ್ದಾರೆ, ಎಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಗಾಡಿಯಲ್ಲಿ ಮಲಗಿದ್ದವನ ಮುಖವನ್ನೂ ನೋಡಿದೆ. ಅತ್ತೆಗೆಂದು ಅರೆದ ಸೊಪ್ಪು ಒಳಗೇ ಇತ್ತು, ಎರಡು ಹೆಸರೂ ನಾಲಿಗೆಯ ತುದಿಯಲ್ಲಿದ್ದವು.

"ನಂಗೆ ಗೊತ್ತಿಲ್ಲ. ಅದು ನಮ್ಮತ್ತೆ ಕೈದು. ಅವ್ರೇ ಕೊಡ್ಬೇಕು. ತಡೀರಿ, ಕೇಳ್ತೀನಿ" ಎಂದೆ.

ನಾನು ತಿರುಗುವ ಮೊದಲೇ ಬಾಗಿಲು ತೆರೆಯಿತು. ಅತ್ತೆ ಬಾಗಿಲವಾಡ ಹಿಡಿದುಕೊಂಡು ಹೊರಗೆ ಬಂದರು. ಬೆಳಕು ನೇರವಾಗಿ ಮುಖಕ್ಕೆ ಬಿತ್ತು. ಹಳದಿ ಕಣ್ಣನ್ನು ಎಲ್ಲರೂ ಕಂಡರು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. 

ಆ ನೇಕಾರರ ಹೆಂಗಸೇ ಮೆಲ್ಲಗೆ ಕೇಳಿದಳು. "ಅಮ್ಮಾ, ನಿಮ್ಗೂ ಬಂದಿತ್ತಾ?"

"ಬಂದಿತ್ತು. ಹೋಗ್ತಾ ಐತೆ."

"ಯಾರ ಕೈಲಿ ತಗೊಂಡ್ರಿ?"

ಯಾವ ಪ್ರಶ್ನೆಗೆ ಹೆದರಿ ಅವರು ಸಾಯುವುದಕ್ಕೂ ತಯಾರಾಗಿದ್ದರೋ ಅದೇ ಪ್ರಶ್ನೆ. ಸುಳ್ಳು ಹೇಳಿದ್ದರೆ ನಾನು ಹೌದು ಎನ್ನುತ್ತಿದ್ದೆ. ಅತ್ತೆ ನನ್ನ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ನನ್ನ ಸೊಸೆ ಕೈಲಿ."

"ಗೊತ್ತಿಲ್ಲ ಅಂತ ಈಗ್ತಾನೇ ಅಂದ್ಲಲ್ಲ?" ಎಂದು ಊರಿನ ಒಬ್ಬ ಶುರು ಮಾಡಿದ.

"ನಿಜಾನೇ ಅಂದ್ಳು. ಅವಳಿಗೆ ಗೊತ್ತಿಲ್ಲ. ಗೊತ್ತಿಲ್ದೇನೇ ನನ್ನ ಉಳಿಸಿದ್ಳು." ಮತ್ತೆ ನನಗೆ, "ಬಾರೇ ಒಳಗೆ" ಎಂದರು.

ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಅರೆದಿಟ್ಟಿದ್ದ ಎರಡು ಉಂಡೆಗಳನ್ನೂ ಕಲ್ಲಿನ ಮೇಲೆ ಹಾಕಿ, ತಾವೇ ಗುಂಡು ಹಿಡಿದು ಒಂದು ಸಲ ಒಟ್ಟಿಗೆ ಎಳೆದರು. ಎರಡೂ ಬೆರೆತವು.

"ಎರಡೂ ಕಣೇ ಹುಚ್ಚಿ. ನೆಲನೆಲ್ಲಿ ಹೆಚ್ಚು, ಗರುಗ ಕಡ್ಮೆ. ಎರಡು ಕಡೆನೂ ಕಾಳು ಹಾಕಿದ್ರೆ ನಿನ್ನಂಥೋರು ಬಿಡ್ತೀರಾ? ಒಂದೊಂದು ವಾರ ಒಂದೊಂದಕ್ಕೆ ಮಾತ್ರ ಹಾಕ್ತಿದ್ದೆ, ಇನ್ನೊಂದನ್ನ ಬಾಯಲ್ಲೇ ಕರೀತಿದ್ದೆ."

ಅವರು ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಬಲಗೈಯನ್ನು ಎತ್ತಿ, ಅಂಗೈಯನ್ನೂ ಹಿಂಗೈಯನ್ನೂ ತಿರುಗಿಸಿ ನೋಡಿಕೊಂಡರು. "ಹೋಯ್ತು" ಎಂದು ಸಣ್ಣಗೆ ನಕ್ಕರು. ಕೈಗುಣ, ಬಾಯಿಗುಣ ಯಾವುದನ್ನೂ ನಾನು ನಂಬಿದವಳಲ್ಲ. ಆದರೆ ಆ ನಗು ನೋಡಿ, ಇದೊಂದು ಮಾತ್ರ ನನಗೆ ಎಂದೂ ಗೊತ್ತಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

"ನಿಂತ್ಕೊಂಡು ಏನು ನೋಡ್ತೀಯೇ? ಹಾಲು ಬೆರೆಸು. ಗಾಡೀಲಿ ಮನುಷ್ಯ ಮಲಗವ್ನೆ" ಎಂದು ಗದರಿದರು. ನಾನು ಹಾಲು ಬೆರೆಸಿ, ಬಟ್ಟಲನ್ನು ಅವರ ಕಡೆ ಚಾಚಿದೆ. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.